ನೀರು ಹಿಟ್ಟಿಗೆ ಬಿದ್ದ ಹೊತ್ತು

ಥೆಸ್ಸಲೊನೀಕಿ
13 ಮೇ 2018, ಭಾನುವಾರ

ಒಡೆಟ್,

ನಿನ್ನೆ ಮತ್ತೆ ಅದೇ ಕನಸು ಬಿತ್ತು. ಶಾಲೆಯ ಅಡುಗೆಮನೆ, ಅದೇ ಉದ್ದನೆಯ ಮೇಜು. ಮೇಜಿನ ಮೇಲೆ ಹಿಟ್ಟು ಕಲಸಿಟ್ಟಿದೆ, ಸುತ್ತ ಮಕ್ಕಳು ಯಾರೂ ಇಲ್ಲ. ನಿಮ್ಮಪ್ಪನ ಗಡಿಯಾರ ಓಡುತ್ತಿದೆ, ಗಂಟೆ ಮಾತ್ರ ಹೊಡೆಯುತ್ತಿಲ್ಲ. ಹಿಟ್ಟು ಉಬ್ಬುತ್ತಾ ಹೋಯಿತು. ಮೇಜು ತುಂಬಿ, ಅಂಚಿನಿಂದ ಇಳಿದು, ನನ್ನ ಮೊಣಕಾಲಿನವರೆಗೆ ಬಂತು. ಅದರೊಳಗೆಲ್ಲೋ ಫೋನು ಬಡಿದುಕೊಳ್ಳುತ್ತಿದೆ. ಎರಡೂ ಕೈ ಹಾಕಿ ಹುಡುಕಿದೆ. ಹಾಕಿದ ಕೈ ಹೊರಗೆ ಬರಲಿಲ್ಲ.

ಎಚ್ಚರವಾದಾಗ ಹೆದರಿಕೆ ಕೂಡ ಇರಲಿಲ್ಲ. ಎದ್ದು ಹಾಸಿಗೆ ಮಡಿಸಿದೆ, ಅಷ್ಟೆ.

ನೀನು ಫೋನ್ ಮಾಡುತ್ತಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮಪ್ಪ ಹೋದ ದಿನದಿಂದ ನನ್ನ ಫೋನು ಕಪಾಟಿನ ಕೆಳಗಿನ ಡ್ರಾಯರಿನಲ್ಲಿ, ಪೆಸಾಹ್ ಹಬ್ಬದ ತಟ್ಟೆಗಳ ಜೊತೆ ಇದೆ. ಆ ತಟ್ಟೆಗಳನ್ನು ತೆಗೆಯುವುದು ವರ್ಷಕ್ಕೆ ಎಂಟೇ ದಿನ. ಅಲ್ಲಿಯವರೆಗೆ ಅದೂ ಅಲ್ಲೇ ಇರಲಿ. ಎಲ್ಲಾದರೂ ಯಾರದಾದರೂ ಫೋನು ರಿಂಗಾದರೆ ಎದ್ದು ಆಚೆ ಹೋಗುತ್ತೇನೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗುಂಡಿ-ದಾರದ ಅಂಗಡಿಯಲ್ಲಿ ನಿಂತವಳು ನಾನು, ಬರೆಯುವ ಅಭ್ಯಾಸ ಇಲ್ಲ. ಮಾತಿಲ್ದಾ ಟೀಚರ್ "ಬರೆದದ್ದನ್ನ ನಾನು ಒಂದ್ಸಲ ನೋಡಿಕೊಡ್ತೀನಿ ಎಸ್ತ್ರೇಯಾ" ಅಂದರು. ಬೇಡ ಅಂದೆ.

ಆ ಬುಧವಾರದ ಒಂದು ವಿಷಯ ಕೇಳಬೇಕಿತ್ತು. ನಿಮ್ಮಪ್ಪ ಆಸ್ಪತ್ರೆ ಸೇರಿ ಹನ್ನೆರಡನೇ ದಿನ. ಅಥೆನ್ಸಿನಿಂದ ಬಂದು ನೀನು ಪಕ್ಕದಲ್ಲಿ ಕೂತಿದ್ದೆ. ಮಕ್ಕಳಿಂದ ಹಬ್ಬದ ರೊಟ್ಟಿ ಮಾಡಿಸಲು ನಾನು ಶಾಲೆಗೆ ಹೋಗುವುದಿಲ್ಲ ಎಂದೇ ಇದ್ದೆ. ಅವನೇ ಅಂದ, ನೀನೂ ಕೇಳಿಸಿಕೊಂಡೆ: "ಹೋಗೇ ಎಸ್ತ್ರೇಯಾ. ಆ ಗಡಿಯಾರ ನಿನ್ನ ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ. ಐದನೇ ಕ್ಲಾಸಿನವರು ವರ್ಷವಿಡೀ ಕಾದಿದ್ದಾರೆ. ಅವರ ರೊಟ್ಟಿ ಹುಳಿ ಬಂದ್ರೆ ಶಾಪ ತಟ್ಟೋದು ನನಗೆ." ಒಂದು ಗಂಟೆಗೆ ಬರುತ್ತೇನೆ ಎಂದು ನಿನಗೆ ಹೇಳಿ ಹೊರಟೆ.

ಆ ಕೆಲಸ ನಿನಗೆ ಗೊತ್ತಿರುವುದೇ, ನೀನೂ ಅದೇ ಮೇಜಿನ ಮೇಲೆ ಪೆಸಾಹ್ ಹಬ್ಬಕ್ಕೆ ಹುಳಿ ಬಾರದ ಮತ್ಸಾ ರೊಟ್ಟಿ ಲಟ್ಟಿಸಿದವಳು. ನೀರು ಹಿಟ್ಟಿಗೆ ಬಿದ್ದ ಕ್ಷಣದಿಂದ ಬೇಯುವವರೆಗೆ ಹದಿನೆಂಟು ನಿಮಿಷ, ಅದು ಮುಗಿದರೆ ನಿಮ್ಮಪ್ಪನ ಗಡಿಯಾರ ಗಂಟೆ ಹೊಡೆಯುತ್ತದೆ. ಮೀರಿದರೆ ಹಿಟ್ಟು ಹುಳಿಯಿತೆಂದೇ ಲೆಕ್ಕ, ಅಷ್ಟನ್ನೂ ಎಸೆಯಬೇಕು. ನಡುವೆ ಕೈ ನಿಲ್ಲಿಸುವಂತಿಲ್ಲ. ಬಾಗಿಲು ಬಡಿದರೂ ಇಲ್ಲ, ಮೂಗು ತುರಿಸಿದರೂ ಇಲ್ಲ. ಮಾತಿಲ್ದಾ ಟೀಚರ್ ಪಕ್ಕದಲ್ಲಿ ನಿಂತು ಕೂಗುತ್ತಿದ್ದರು: "ಬೇಗ, ಬೇಗ! ಈಜಿಪ್ಟಿನಿಂದ ಓಡಿಬಂದೋರು ಹೀಗೆ ಹರಟೆ ಹೊಡೀತಾ ನಿಂತಿದ್ರೆ ನೀವು ಇವತ್ತಿಗೂ ಅಲ್ಲೇ ಇಟ್ಟಿಗೆ ಹೊರ್ತಿದ್ರಿ!" ಮಕ್ಕಳು ಜೋರಾಗಿ ನಕ್ಕರು. ಫೋನು ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ರಿಂಗಾಯಿತು. ಕೈಯೆಲ್ಲ ಹಿಟ್ಟು.

"ಮೂರು ಸಲ ಫೋನ್ ಮಾಡಿದೆ" ಎಂದು ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿದೆ. ಬೇರೇನೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ನನ್ನ ನೋಟುಬುಕ್ಕಿನಲ್ಲಿ ಮೊದಲ ಹಿಟ್ಟಿಗೆ ನೀರು ಬಿದ್ದದ್ದು 11:06, ಗಂಟೆ ಹೊಡೆದದ್ದು 11:24 ಎಂದಿದೆ. ನಿನ್ನ ಮೂರೂ ಕರೆ ಆ ಹದಿನೆಂಟು ನಿಮಿಷದ ಒಳಗೇ ಬಂದವಲ್ಲವಾ? ನಿನ್ನ ಫೋನಿನಲ್ಲಿ ಹೊತ್ತು ಉಳಿದಿರುತ್ತದಂತೆ. ನೋಡಿ ಒಂದು ಸಾಲು ಬರೆ. ಅಷ್ಟು ಗೊತ್ತಾದರೆ ಸಾಕು.

ನಿನ್ನ ಬಚ್ಚಲಿನ ಹೀಟರಿನಿಂದ ನೀರು ತೊಟ್ಟಿಕ್ಕುತ್ತದೆ ಅಂದಿದ್ದೆ. ಸರಿ ಮಾಡಿಸಿದೆಯಾ? ಕರೆಂಟಿನ ಹತ್ತಿರ ನೀರು ಒಳ್ಳೆಯದಲ್ಲ.

ನಿನ್ನ ಅಮ್ಮ
ಎಸ್ತ್ರೇಯಾ


ಅಥೆನ್ಸ್
4 ಜೂನ್ 2018

ಅಮ್ಮಾ,

ನೋಡಿದೆ. 11:09. 11:15. 11:27.

ಮೂರನೆಯದು ನಿನ್ನ ಹದಿನೆಂಟು ನಿಮಿಷದ ಒಳಗಿಲ್ಲ. ನೀನು ಕೇಳಿದೆ, ಹೇಳಿದ್ದೇನೆ.

ಹೀಟರ್ ಸರಿಯಾಗಿದೆ. ಫೋನನ್ನು ಡ್ರಾಯರಿನಿಂದ ತೆಗೆ. ನಿನಗೆ ಏನಾದರೂ ಆದರೆ ನನಗೆ ಯಾರು ಹೇಳಬೇಕು?

ಒಡೆಟ್


ಥೆಸ್ಸಲೊನೀಕಿ
17 ಜೂನ್ 2018, ಭಾನುವಾರ

ಒಡೆಟ್,

11:27 ಎಂದು ಓದಿದೆ. ಕಾಗದ ಮಡಿಸಿ ಸಕ್ಕರೆ ಡಬ್ಬದ ಕೆಳಗಿಟ್ಟೆ. ಸಂಜೆ ತೆಗೆದು ಮತ್ತೆ ಓದಿದೆ. 27ರ ಏಳು ಏಳೇ ಆಗಿತ್ತು.

ನಿಮ್ಮಪ್ಪನ ಗಡಿಯಾರ ಒಂದು ವಿಚಿತ್ರ. ನಲವತ್ತು ವರ್ಷ ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವನು ಶಾಲೆಗೆಂದು ಮಾಡಿಕೊಟ್ಟ ಇದೊಂದನ್ನು ಬೇಕೆಂದೇ ಅರ್ಧ ನಿಮಿಷ ಮುಂದಿಟ್ಟ. ಒಂದೇ ಮುಳ್ಳು, ಹದಿನೆಂಟಕ್ಕೆ ಕೆಂಪು ಗೆರೆ, ಬೆನ್ನಿಗೆ ಎರಡು ಸಲ ತಟ್ಟಿದರೆ ಮಾತ್ರ ಹೊರಡುತ್ತದೆ. ಗೋಡೆ ಗಡಿಯಾರವೂ ತಪ್ಪಿರಬಹುದು. ಅದಕ್ಕೆ ಮೂರು ದಿನ ಮೊದಲಷ್ಟೇ ಬೇಸಿಗೆಯ ಲೆಕ್ಕಕ್ಕೆಂದು ಎಲ್ಲರೂ ಗಡಿಯಾರ ಒಂದು ಗಂಟೆ ಮುಂದೆ ಮಾಡಿದ್ದರು, ಶಾಲೆಯದನ್ನು ತಿರುಗಿಸಿದವರು ಯಾರೋ, ನಿಮಿಷ ಸರಿಯಾಗಿ ನೋಡಿದರೋ ಇಲ್ಲವೋ. ಮತ್ತೆ ಗಂಟೆ ಹೊಡೆದ ಮೇಲೆ ಕೆಲಸ ಮುಗಿಯಿತು ಎಂದೇನೂ ಇಲ್ಲ. ಹಲಗೆ ಕೆರೆಯಬೇಕು, ಕಾಗದ ಬದಲಿಸಬೇಕು, ಮಕ್ಕಳ ಉಗುರಿನ ಸಂದಿಯ ಹಿಟ್ಟು ಕೂಡ ನೋಡಬೇಕು. ಮೂರು ನಿಮಿಷ ಎಂದರೆ ಏನು ಮಹಾ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಶುಕ್ರವಾರ ಶಾಲೆ ಮುಗಿಯಿತು. ಮಕ್ಕಳು ತಾವು ಹೊಲಿದ ಬಟ್ಟೆಗಳನ್ನು, ಬೆಳೆದ ಟೊಮೇಟೊ ಗಿಡಗಳನ್ನು, ಮಾಡಿದ ಸಾಬೂನುಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು. ಊರಿನ ನಮ್ಮ ಯಹೂದಿ ಜನರೆಲ್ಲ ಬಂದರು, ವೃದ್ಧಾಶ್ರಮದವರನ್ನು ವ್ಯಾನಿನಲ್ಲಿ ಕರೆತಂದರು. ಎಲ್ಲರೂ ನನ್ನ ಕೈ ಹಿಡಿದುಕೊಂಡರು. ಹಿಡಿದುಕೊಂಡದ್ದು ಕಾಣಿಸಿತು. ಹಿಡಿದದ್ದು ನನ್ನದೇ ಕೈ ಅಂತ ಅನ್ನಿಸಲಿಲ್ಲ.

ಇನ್ನೂ ಒಂದು ಹೇಳುತ್ತೇನೆ. ಅವನು ಹೋದದ್ದು ಬುಧವಾರ. ಕಾಗದಪತ್ರವೆಲ್ಲ ನೀನೇ ಓಡಾಡಿ ಮುಗಿಸಿ, ಮಣ್ಣು ಮಾಡಿದ್ದು ಶುಕ್ರವಾರ ಬೆಳಿಗ್ಗೆ. ಅವತ್ತು ಸಂಜೆಗೆ ಹಬ್ಬ. ಸೂತಕಕ್ಕೆ ಏಳು ದಿನ ನೆಲದ ಮೇಲೆ ಕೂರಬೇಕಾದವರು ನಾವು. ನಡುವೆ ಹಬ್ಬ ಬಂದರೆ ಉಳಿದ ದಿನಗಳು ರದ್ದು. ರಬ್ಬಿ ಸ್ಪಷ್ಟವಾಗಿ ಹೇಳಿದರು, ಅವರೂ ತಲೆ ಬಗ್ಗಿಸಿಯೇ ಹೇಳಿದರು. ಸೂತಕಕ್ಕೆಂದು ಹರಿದುಕೊಂಡ ರವಿಕೆಯಲ್ಲಿ ಮೂರು ಗಂಟೆ ನೆಲದ ಮೇಲೆ ಕೂತೆವು ನಾನು ನೀನು. ಪಕ್ಕದ ಮನೆಯವರು ಮೊಟ್ಟೆ ತಂದುಕೊಟ್ಟರು, ಸೂತಕದ ಮನೆಗೆ ಕೊಡುವ ಹಾಗೆ. ಆಮೇಲೆ ಎದ್ದು ಸ್ನಾನ ಮಾಡಿದೆ. ರಾತ್ರಿ ಹಬ್ಬದ ಮೇಜಿನಲ್ಲಿ ಮತ್ತೆ ಮೊಟ್ಟೆ. ಈರುಳ್ಳಿ ಸಿಪ್ಪೆ ಹಾಕಿ ಒಂದೇ ಪಾತ್ರೆಯಲ್ಲಿ ಬೆಂದ ಮೊಟ್ಟೆಗಳೇ ಇರಬೇಕು. ಮಧ್ಯಾಹ್ನದ್ದಕ್ಕೂ ರಾತ್ರಿಯದ್ದಕ್ಕೂ ಬಾಯಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನೀನು ಭಾನುವಾರದ ರೈಲಿಗೆ ಹೊರಟೆ. ನಾನು ಅಳಲಿಲ್ಲ ಎಂದು ನಿನಗೆ ಸಿಟ್ಟು, ನನಗೆ ಗೊತ್ತು.

ಹೋದ ವಾರ ಒಲೆಯಿಂದ ತಟ್ಟೆ ತೆಗೆದೆ. ಮಾತಿಲ್ದಾ ಟೀಚರ್ ಕಿರುಚಿಕೊಂಡರು. ಬಟ್ಟೆ ಹಿಡಿಯದೆ ತೆಗೆದಿದ್ದೆನಂತೆ. ಬೆರಳಿಗೆ ಬೊಬ್ಬೆ ಬಂದಿದೆ. ನೋಡಿದರೆ ಮಾತ್ರ ಇದೆ ಎಂದು ಗೊತ್ತಾಗುತ್ತದೆ.

ಬಿಸಿಲಿಗೆ ತಲೆ ಮುಚ್ಚಿಕೊಂಡು ಓಡಾಡು.

ಅಮ್ಮ


ಥೆಸ್ಸಲೊನೀಕಿ
27 ಸೆಪ್ಟೆಂಬರ್ 2018, ಗುರುವಾರ

ಒಡೆಟ್,

ನಿನ್ನ ಕಾಗದ ಬರಲಿಲ್ಲ. ಅಂಚೆಯವನು ಹಾದಿ ತಪ್ಪಿದನೋ ಎಂದು ಎರಡು ಸಲ ಕೇಳಿದೆ. "ಬಂದ್ರೆ ನಾನೇನು ತಿಂದ್ಕೋತೀನಾ ಎಸ್ತ್ರೇಯಾ ಅಮ್ಮಾ?" ಅಂದ.

ಶಾಲೆಯ ಅಂಗಳದಲ್ಲಿ ಹಬ್ಬದ ಗುಡಿಸಲು ಎದ್ದಿದೆ. ಈ ಸಲ ಪೂರ್ತಿ ಮಕ್ಕಳ ಕೈಯದೇ. ನದಿಯ ಕಡೆಯಿಂದ ಜೊಂಡು ತಂದು ಹಾಕಿದರು, ದೊಡ್ಡ ಮಕ್ಕಳು ಅಳತೆ ಮಾಡಿ ಕಂಬ ನಿಲ್ಲಿಸಿದರು, ಚಿಕ್ಕವರು ದಾಳಿಂಬೆ ಕಟ್ಟಿದರು. ಮೊದಲ ದಿನವೇ ಒಂದು ಕಡೆ ಕುಸಿಯಿತು. ಮಾತಿಲ್ದಾ ಟೀಚರ್ ಕೈ ಕಟ್ಟಿ ನಿಂತರು, "ನಾನು ಮುಟ್ಟಲ್ಲ. ಯಾಕೆ ಬಿತ್ತು ಅಂತ ಅದನ್ನೇ ಕೇಳಿ" ಅಂದರು. ಮಕ್ಕಳು ಸುತ್ತ ಕೂತು, ಜಗಳವಾಡಿ, ಬಿಚ್ಚಿ ಮತ್ತೆ ಕಟ್ಟಿದರು. ನಾನು ಹಗ್ಗ ಹಿಡಿದುಕೊಂಡು ನಿಂತಿದ್ದೆ. ಐದನೇ ಕ್ಲಾಸು ಕಾಣದವಳಿಗೆ ಈಗ ಪ್ರತಿ ವರ್ಷ ಐದನೇ ಕ್ಲಾಸು.

ಫ್ಲೋರಿ ಎಂದು ಒಬ್ಬಳು ಹುಡುಗಿ ಇದ್ದಾಳೆ. ಮಾರ್ಚಿನಲ್ಲಿ ನನ್ನ ಎಡಕ್ಕೆ ನಿಂತು ಲಟ್ಟಿಸಿದವಳು, ಈಗ ಆರನೆಯ ಕ್ಲಾಸು. ಪ್ರಶ್ನೆ ಕೇಳುವುದು ಅವಳಿಗೊಂದು ಕಾಯಿಲೆ.

"ತೀಯಾ," ಅಂದಳು. ಇಲ್ಲಿ ಮಕ್ಕಳಿಗೆಲ್ಲ ನಾನು ತೀಯಾ, ಚಿಕ್ಕಮ್ಮ. "ಹಬ್ಬ ಬಂದ್ರೆ ಸೂತಕದ ಏಳು ದಿನ ಅಲ್ಲಿಗೇ ಮುಗೀತು ಅಂತ ಟೀಚರ್ ಹೇಳಿದ್ರು. ನಿಮಗೆ ಎಷ್ಟು ದಿನ ಸಿಕ್ತು?"

"ದಿನ ಅಲ್ಲ ಕಣೇ. ಮೂರು ಗಂಟೆ."

ಬೆರಳು ಮಡಿಸಿ ಲೆಕ್ಕ ಹಾಕಿದಳು. "ಹಂಗಾದ್ರೆ ಆರು ದಿನ ಇಪ್ಪತ್ತೊಂದು ಗಂಟೆ ಬಾಕಿ. ಅದು ಈಗ ಯಾರ ಹತ್ರ ಇದೆ?"

"ಗೊತ್ತಿಲ್ಲ ಪುಟ್ಟಿ. ಆ ಹಗ್ಗ ಕೊಡು."

ಕೊಟ್ಟಳು. ಆದರೆ ಅಲ್ಲಿಂದ ಹೋಗಲಿಲ್ಲ. ಮಧ್ಯಾಹ್ನ ಗುಡಿಸಲಿನೊಳಗೆ ಕೂತಾಗ ಅವಳೂ ಇನ್ನು ನಾಲ್ಕು ಮಕ್ಕಳೂ ಬಂದು ಸುತ್ತ ಕೂತರು. "ಪೆಪ್ಪೊ ತಾತನ ವಿಷಯ ಏನಾದ್ರೂ ಹೇಳಿ" ಅಂದಳು. ನನಗೆ ಏನೂ ನೆನಪಾಗಲಿಲ್ಲ. ಮೂಲೆಯ ಕಾಫಿಯಂಗಡಿಯವನು ಟೀಚರುಗಳಿಗೆ ಕಾಫಿ ತಂದ, ಅದನ್ನು ನೋಡಿ ಅದನ್ನೇ ಹೇಳಿದೆ.

ನಿಮ್ಮಪ್ಪ ಮೂವತ್ತು ವರ್ಷ ಅವನ ಹತ್ತಿರವೇ ಕಾಫಿ ಕುಡಿದ. ಆದರೂ ಪ್ರತಿ ಸಲ ಹೇಳಲೇಬೇಕು: "ಸಕ್ಕರೆ ಇಲ್ಲದ್ದು. ನೊರೆ ಒಡೀಬಾರದು." ಅವನು, "ಪೆಪ್ಪೊ ಅವರೇ, ನಿಮ್ಮ ಕಾಫಿ ನನ್ನ ಮದುವೆಗಿಂತ ಹಳೇದು. ಮರೀತೀನಾ?" ಅಂತಿದ್ದ. "ಮದುವೆ ದಿನಾನೇ ಮರೆತು ಹೊಡೆಸ್ಕೊಂಡೋನು ನೀನು. ಸಕ್ಕರೆ ಇಲ್ಲದ್ದು!" ಆಸ್ಪತ್ರೆಗೆ ಸೇರಿಸಿದ ದಿನ ನರ್ಸು ಏನು ಬೇಕು ಎಂದಾಗಲೂ ಅದೇ ಹೇಳಿದ, ಅವಳು ಕೇಳಿದ್ದು ದಿಂಬಿನ ವಿಷಯ.

ಒಂದೇ ಒಂದು ಸಲ ಹೇಳಿರಲಿಲ್ಲ. ಅವನ ಅಮ್ಮ, ನಿನ್ನ ಅಜ್ಜಿ, ತೀರಿಕೊಂಡ ಸುದ್ದಿ ಅವನ ಗಡಿಯಾರದಂಗಡಿಯ ಫೋನಿಗೆ ಬಂತು. ಅವನು ಫೋನಿಟ್ಟ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆ, "ಎಸ್ತ್ರೇಯಾ, ಹೋಗಿ ಕಾಫಿ ತಾ" ಅಂದ. ಅಷ್ಟೇ. ನಾನು ಗಾಬರಿಯಲ್ಲಿ ಸಕ್ಕರೆ ಹಾಕಿದ್ದೇ ತಂದುಬಿಟ್ಟೆ. ಬರುವಷ್ಟರಲ್ಲಿ ಅವನ ಮುಖ ತೊಳೆದಾಗಿತ್ತು. ಸಿಹಿ ಕಾಫಿಯನ್ನು ತಳದವರೆಗೆ ಕುಡಿದ. ತಿಂಗಳಾದ ಮೇಲೆ "ಅವತ್ತು ಸಿಹಿ ಇತ್ತಲ್ಲ" ಎಂದರೆ, "ಇತ್ತಾ?" ಅಂದ.

ಮಕ್ಕಳು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಫ್ಲೋರಿ ನನ್ನ ಮಡಿಲಿಗೆ ಒಂದು ದಾಳಿಂಬೆ ಇಟ್ಟು ಹೋದಳು. ಅದು ಇನ್ನೂ ಮೇಜಿನ ಮೇಲಿದೆ. ಒಣಗುತ್ತಿದೆ.

ಒಂದು ಸಾಲಾದರೂ ಬರೆ. ಆರೋಗ್ಯ ಹೇಗಿದೆ ಎಂದಾದರೂ.

ಅಮ್ಮ


ಅಥೆನ್ಸ್
9 ಡಿಸೆಂಬರ್ 2018

ಅಮ್ಮಾ,

ಪಾರ್ಸೆಲ್ ಬಂತು. ಮೂರನೇ ಕ್ಲಾಸಿನ ಮಕ್ಕಳು ಮಾಡಿದ ಮಣ್ಣಿನ ಹಣತೆ, ಅವರೇ ಕಲ್ಲಿನಲ್ಲಿ ಅರೆದು ತೆಗೆದ ಎಣ್ಣೆ. ಬಾಟಲಿಯ ತಳದಲ್ಲಿ ಆಲಿವ್ ಚರಟ ಇತ್ತು, ಉರಿಯುವಾಗ ಚಟಚಟ ಅಂತು. ದೀಪದ ಹಬ್ಬದ ಎಂಟೂ ದಿನ ಹಚ್ಚಿದೆ. ಇಷ್ಟು ವರ್ಷದಲ್ಲಿ ಇದೇ ಮೊದಲು. ನೀನು ಕೇಳುವ ಮೊದಲೇ ಹೇಳುತ್ತೇನೆ: ಪರದೆಯಿಂದ ದೂರ ಇಟ್ಟಿದ್ದೆ.

ಅಜ್ಜಿ ತೀರಿಕೊಂಡ ದಿನದ ಕಾಫಿಯ ಕಥೆ ನನಗೆ ಯಾಕೆ ಯಾವತ್ತೂ ಹೇಳಲಿಲ್ಲ? ಯಾರದೋ ಮಕ್ಕಳಿಗೆ ಹೇಳಿದೆ.

ನೀನು ಎಲ್ಲ ಬರೆಯುತ್ತೀಯ. ಜೊಂಡು, ಹಗ್ಗ, ಹೀಟರು, ಬೊಬ್ಬೆ. 11:27ರ ಬಗ್ಗೆ ಮಾತ್ರ ಬರೆಯುವುದಿಲ್ಲ.

ಒಡೆಟ್


ಥೆಸ್ಸಲೊನೀಕಿ
22 ಜನವರಿ 2019, ಮಂಗಳವಾರ

ಒಡೆಟ್,

ನಿನ್ನೆ ಗಿಡಗಳ ಹಬ್ಬ. ಮಕ್ಕಳು ಶಾಲೆಯ ಹಿಂದಿನ ಗೋಡೆಯ ಪಕ್ಕ ಬಾದಾಮಿ ಸಸಿ ನೆಟ್ಟರು. ಪ್ರತಿ ಸಸಿಗೂ ಇಬ್ಬರು ಮಕ್ಕಳು, ಜೊತೆಗೆ ಒಬ್ಬರು ಹಿರಿಯರು. ನೆಲ ಹಿಮದಿಂದ ಗಟ್ಟಿಯಾಗಿತ್ತು. ಕೈಗವಸು ಹಾಕಿಕೊಳ್ಳಬಾರದು, ಮಣ್ಣು ಬೆರಳಿಗೆ ತಿಳಿಯಬೇಕು ಎಂದು ಮಾತಿಲ್ದಾ ಟೀಚರ್ ಹಟ. "ತೀಯಾ, ನನ್ನ ಬೆರಳು ಇದಾವೋ ಇಲ್ವೋ ನೋಡಿ" ಎಂದು ಒಬ್ಬ ಹುಡುಗ ಕೈ ತೋರಿಸಿದ. ಇದಾವೆ ಅಂದೆ. "ಗೊತ್ತೇ ಆಗ್ತಿಲ್ಲ" ಅಂದ. ನನ್ನವೂ ಹಾಗೇ ಅಂತ ಅವನಿಗೆ ಹೇಳಲಿಲ್ಲ.

11:27.

ಗಂಟೆ ಹೊಡೆದಿತ್ತು. ಮೊದಲ ರೊಟ್ಟಿಗಳು ಒಲೆಯಿಂದ ಬಂದಿದ್ದವು. ಹಲಗೆ ಕೆರೆದಾಗಿತ್ತು. ನಾನು ಕೈ ತೊಳೆದುಕೊಂಡಾಗಿತ್ತು, ಒರೆಸಿಕೊಂಡೂ ಆಗಿತ್ತು. ಫೋನು ರಿಂಗಾಯಿತು. ಜೇಬಿನಿಂದ ತೆಗೆದೆ. ನಿನ್ನ ಹೆಸರು. ಒಣ ಕೈಯಲ್ಲಿ ಹಿಡಿದುಕೊಂಡು ಅದು ನಿಲ್ಲುವವರೆಗೂ ನೋಡುತ್ತಾ ನಿಂತೆ.

ಮೊದಲೆರಡು ಸಲ ತೆಗೆಯುವಂತಿರಲಿಲ್ಲ. ಮೂರನೇ ಸಲ ತೆಗೆಯಬಹುದಿತ್ತು, ತೆಗೆಯಲಿಲ್ಲ. ಒಬ್ಬಳು ಮಗಳು ಒಂದು ಬೆಳಿಗ್ಗೆ ಮೂರು ಸಲ ಯಾಕೆ ಫೋನ್ ಮಾಡುತ್ತಾಳೆ ಎಂದು ನನಗೆ ಗೊತ್ತಿತ್ತು. ಜೇಬಿಗೆ ಹಾಕಿಕೊಂಡು, "ಮುಂದಿನ ಹಿಟ್ಟು ತನ್ನಿ" ಅಂದೆ. ಹಿಂದಿನ ಸಂಜೆ ತಂದು ಮುಚ್ಚಿಟ್ಟಿದ್ದ ನೀರನ್ನು ಹಾಕಿದೆ. ಗಡಿಯಾರದ ಬೆನ್ನಿಗೆ ಎರಡು ಸಲ ತಟ್ಟಿದೆ. ಇನ್ನು ಹದಿನೆಂಟು ನಿಮಿಷ ನನ್ನನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಆ ಹದಿನೆಂಟು ನಿಮಿಷ ಅವನು ಬದುಕಿದ್ದ. ಅದಾದ ಮೇಲೆ ಇನ್ನೊಂದು ಹದಿನೆಂಟು ತಟ್ಟಿದೆ. ಒಟ್ಟು ನಾಲ್ಕು ಸಲ ಹಿಟ್ಟು ಕಲಸಿದೆವು. ಬೇರೆ ಯಾವ ವರ್ಷವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಒಂದೂ ಉಬ್ಬಲಿಲ್ಲ. ವೃದ್ಧಾಶ್ರಮದವರು ಇವತ್ತಿಗೂ ಹೊಗಳುತ್ತಾರೆ.

ಹಾಗಾಗಿ ನಿನ್ನ ಸಿಟ್ಟು ಸರಿಯೇ. ನಿಮ್ಮಪ್ಪ ಕೊನೆ ಉಸಿರೆಳೆಯುವಾಗ ನಾನು ಬೇಕೆಂದೇ ದೂರ ನಿಂತಿದ್ದೆ. ಓಡಿಬಂದಿದ್ದರೆ ಸಿಗುತ್ತಿದ್ದನೋ ಏನೋ. ಇದನ್ನು ಬರೆದ ಮೇಲೆ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಸೂಪು ಬಿಸಿಗಿಟ್ಟಿದ್ದೇನೆ.

ಅಮ್ಮ


ಅಥೆನ್ಸ್
24 ಮಾರ್ಚ್ 2019

ಅಮ್ಮಾ,

ನಿನ್ನ ಕಾಗದವನ್ನು ಎರಡು ತಿಂಗಳು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಬ್ಯಾಗಿನಲ್ಲಿ ಇನ್ನೊಂದು ಕಾಗದವೂ ಇದೆ. ಅದು ಮೊದಲಿನಿಂದ ಇದ್ದದ್ದು.

ನಾನೂ ಅಲ್ಲಿರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಅಪ್ಪ ಕಣ್ಣು ತೆರೆದು "ಹೋಗಿ ಕಾಫಿ ತಾ" ಅಂದ. ನಾನು ಕೆಳಗಿನ ಕ್ಯಾಂಟೀನಿಗೆ ಹೋದೆ. ಇಬ್ಬರಿಗೂ ತೆಗೆದುಕೊಂಡೆ. ಆ ಇನ್ನೊಂದು ಕಾಗದ ಅದರ ಬಿಲ್ಲಿನ ಚೀಟಿ, ಅದರ ಮೇಲೆ 10:58 ಎಂದಿದೆ. ಆಮೇಲಾದರೂ ನೇರ ಮೇಲೆ ಹೋಗಬಹುದಿತ್ತು. ಹೊರಗೆ ಬಿಸಿಲಿತ್ತು. ಮೆಟ್ಟಿಲ ಹತ್ತಿರ ನಿಂತು ಒಂದು ಸಿಗರೇಟು ಸೇದಿದೆ. ಪೂರ್ತಿ. ಎರಡು ಲೋಟ ಹಿಡಿದುಕೊಂಡು ಮೇಲೆ ಬಂದಾಗ ಪರದೆ ಎಳೆದಿದ್ದರು. ಡಾಕ್ಟರ್ ಬರೆದದ್ದು 11:05. ಮರಣಪತ್ರದಲ್ಲಿ ಅದೇ ಇದೆ. ಅದನ್ನು ನಿನಗೆ ತೋರಿಸದೆ ನಾನೇ ಎಲ್ಲ ಕಡೆ ಕೊಟ್ಟುಬಂದೆ.

ನಿನ್ನ ನೀರು ಹಿಟ್ಟಿಗೆ ಬಿದ್ದದ್ದು 11:06. ನನ್ನ ಮೊದಲ ಕರೆಯನ್ನೇ ನೀನು ತೆಗೆದುಕೊಂಡಿದ್ದರೂ ಓಡಿಬರಲು ಏನೂ ಉಳಿದಿರಲಿಲ್ಲ. ಇದನ್ನು ಕಾರಿಡಾರಿನಲ್ಲೇ ಹೇಳಬೇಕಿತ್ತು. ಹೋದ ಜೂನಿನಲ್ಲಾದರೂ ಹೇಳಬೇಕಿತ್ತು. ಮೂರು ಕರೆಯ ಹೊತ್ತು ಬರೆದು ಕಳಿಸಿದೆ, ನಾಲ್ಕನೆಯದನ್ನು ಇಟ್ಟುಕೊಂಡೆ. ನೀನು ನಿಮಿಷ ಲೆಕ್ಕ ಹಾಕುತ್ತಿರುವಷ್ಟು ದಿನ ನಾನು ಹಾಕಬೇಕಾಗಿರಲಿಲ್ಲ.

ಚೀಟಿಯ ಶಾಯಿ ಮಾಸುತ್ತಿದೆ. ಎಸೆಯಲಾಗಿಲ್ಲ.

ನೀನು ಬೈದು ಬರೆಯುವುದಾದರೆ ಬರೆ. ಬರೆಯದಿದ್ದರೆ ಅದೂ ಸರಿ.

ಒಡೆಟ್


ಥೆಸ್ಸಲೊನೀಕಿ
18 ಏಪ್ರಿಲ್ 2019, ಗುರುವಾರ

ಒಡೆಟ್,

ಬೈಯೋಣವೆಂದು ಕೂತೆ. ಮೂರು ಹಾಳೆ ತೆಗೆದಿಟ್ಟುಕೊಂಡಿದ್ದೆ. ಒಳಗೆ ಹುಡುಕಿದೆ, ಒಂದು ಬೈಗುಳವೂ ಸಿಗಲಿಲ್ಲ. ಆ ಒಂದು ನಿಮಿಷವನ್ನು ಹಿಡಿದು ಜಗ್ಗಾಡಲು ಹೋದೆ, 11:05, 11:06, ನೀರು ಮೊದಲೋ ಅವನು ಮೊದಲೋ ಎಂದು. ಅದೂ ಕೈಗೆ ಹತ್ತಲಿಲ್ಲ. ನಿನ್ನ ಕಾಗದ ಮಡಿಸಿ ಸಕ್ಕರೆ ಡಬ್ಬದ ಕೆಳಗೆ, ಹಳೆಯದರ ಜೊತೆ ಇಟ್ಟೆ.

ಮಂಗಳವಾರ ಸಂಜೆ ಅವನ ವರ್ಷದ ದೀಪ ಹಚ್ಚಿದೆ. ನಮ್ಮ ತಿಂಗಳ ಲೆಕ್ಕದಲ್ಲಿ ಅವನ ದಿನ ಈ ವರ್ಷವೂ ಬುಧವಾರಕ್ಕೇ ಬಿತ್ತು. ಮತ್ಸಾ ಸುಡುವ ದಿನವೂ ಅದೇ. ಮಾತಿಲ್ದಾ ಟೀಚರ್ "ದಿನ ಬದಲಾಯಿಸ್ತೀನಿ ಎಸ್ತ್ರೇಯಾ, ನೀವು ಮನೇಲಿರಿ" ಅಂದರು. ಮನೆಯಲ್ಲಿ ಏನು ಮಾಡಲಿ ಅಂದೆ.

ಹಬ್ಬದ ತಟ್ಟೆ ತೆಗೆಯಲು ಡ್ರಾಯರು ಎಳೆದಾಗ ಫೋನು ಸಿಕ್ಕಿತು. ಚಾರ್ಜಿಗೆ ಹಾಕಿದೆ. ಸತ್ತಿರಬಹುದು ಎಂದುಕೊಂಡಿದ್ದೆ, ಬದುಕಿತ್ತು. ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೋದೆ.

ಗಡಿಯಾರ ನಾನು ಮುಟ್ಟಲಿಲ್ಲ. ಫ್ಲೋರಿಯ ಕೈಗೆ ಕೊಟ್ಟೆ. "ಎರಡು ಸಲ ತಟ್ಟು. ಜೋರಾಗಿ ಅಲ್ಲ, ಮಗುವಿನ ಬೆನ್ನಿಗೆ ತಟ್ಟೋ ಹಾಗೆ" ಅಂದೆ.

"ಅರ್ಧ ನಿಮಿಷ ಮುಂದೆ ಓಡುತ್ತಲ್ಲ ತೀಯಾ, ಸರಿ ಮಾಡಿಸ್ಬಾರದಾ?"

"ಬೇಡ. ಅದು ಹಾಗೇ ಇರಲಿ."

ಐದನೇ ಕ್ಲಾಸಿನ ಹೊಸ ಮಕ್ಕಳು. ಒಬ್ಬ ನೀರು ಚೆಲ್ಲಿದ, ಒಬ್ಬಳು ಲಟ್ಟಣಿಗೆಗೆ ಜಗಳವಾಡಿದಳು, ನಿಮ್ಮಪ್ಪ ಹಳೆಯ ಅಲಾರಾಂ ಗಡಿಯಾರದ ಹಲ್ಲುಚಕ್ರದಿಂದ ಮಾಡಿಕೊಟ್ಟ ರೊಟ್ಟಿಗೆ ತೂತು ಹಾಕುವ ಚಕ್ರ ಕೈಯಿಂದ ಕೈಗೆ ಓಡಿತು. ಎರಡನೇ ಹಿಟ್ಟು ಹದಿನೆಂಟು ಮೀರಿತು. ಫ್ಲೋರಿ ಗಂಟೆ ಕೇಳಿ ಕೈ ಎತ್ತಿದಳು, ಎಲ್ಲರೂ ನಿಂತರು. "ಅರ್ಧ ನಿಮಿಷ ಇನ್ನೂ ಇದೆಯಲ್ಲ, ಇದು ಮುಂದೆ ಓಡೋ ಗಡಿಯಾರ ತಾನೇ!" ಎಂದು ಒಬ್ಬ ಹುಡುಗ ವಾದ ಹಾಕಿದ. "ಗಂಟೆ ಹೊಡೀತು ಅಂದ್ರೆ ಹೊಡೀತು" ಅಂದಳು ಫ್ಲೋರಿ. ಅಷ್ಟನ್ನೂ ಎಸೆದೆವು. ಒಬ್ಬಳು ಅತ್ತಳು. ಹಲಗೆ ಕೆರೆದು, ಕೈ ತೊಳೆದು, ಮತ್ತೆ ನೀರು ಹಾಕಿದೆವು.

ಇಡೀ ಬೆಳಿಗ್ಗೆ ಫೋನು ರಿಂಗಾಗಲಿಲ್ಲ. ಆದರೂ ಜೇಬು ಭಾರವಾಗಿತ್ತು. ಕೊನೆಯ ತಟ್ಟೆ ತೆಗೆಯುವಾಗ ಬೆರಳು ಚುರ್ ಅಂತು. ಬಟ್ಟೆ ಜಾರಿತ್ತು. ಕೈ ಎಳೆದುಕೊಂಡೆ. ಬೊಬ್ಬೆ ಬರಲಿಲ್ಲ.

ಮಧ್ಯಾಹ್ನ ಮಕ್ಕಳ ಜೊತೆ ರೊಟ್ಟಿ ಹೊತ್ತುಕೊಂಡು ವೃದ್ಧಾಶ್ರಮಕ್ಕೆ ನಡೆದೆ. ದಾರಿಯಲ್ಲಿ ಮೂಲೆಯ ಕಾಫಿಯಂಗಡಿ ಸಿಗುತ್ತದಲ್ಲ. ಅವನು ಒಳಗಿಂದಲೇ ಕೈ ಎತ್ತಿದ. ಅಲ್ಲೇ ನಿಂತುಬಿಟ್ಟೆ. ಮಕ್ಕಳು ಮುಂದೆ ಹೋಗಿ, ತಿರುಗಿ ನೋಡಿ ಕಾದರು.

ನಿಮ್ಮಪ್ಪ ಹನ್ನೆರಡು ದಿನದಿಂದ ಒಂದು ಗುಟುಕು ನೀರು ಇಳಿಸಲಾಗದೆ ಮಲಗಿದ್ದ. ತುಟಿಗೆ ಹತ್ತಿಯಲ್ಲಿ ಒತ್ತುತ್ತಿದ್ದೆವು, ನೀನೂ ಒತ್ತಿದ್ದೀಯ. ಅಂಥವನು ಬೆಳಿಗ್ಗೆ ನನಗೆ "ಹೋಗೇ ಎಸ್ತ್ರೇಯಾ" ಅಂದ. ನಾನು ಹೋದ ಮೇಲೆ ನಿನಗೆ "ಹೋಗಿ ಕಾಫಿ ತಾ" ಅಂದ. ಅವನಿಗೆ ನಿಜವಾಗಿಯೂ ಒಂದು ತೊಟ್ಟು ಕಾಫಿಯ ಆಸೆಯಾಗಿದ್ದರೆ, ಅದನ್ನು ತರಲು ನೀನು ಹೋಗಿದ್ದರೆ, ಅದು ಬೇರೆ ಮಾತು. ಆಸೆಯಾಗಿದ್ದರೆ ಉಸಿರು ಸಾಲದಿದ್ದರೂ ಸಕ್ಕರೆಯ ಮಾತು ಬಿಡುವವನಲ್ಲ ಅವನು. ಆ ಮಾತು ಬಂದಿರದಿದ್ದರೆ, ನಾವಿಬ್ಬರೂ ಅವನನ್ನು ಬಿಟ್ಟು ಹೋಗಲಿಲ್ಲ. ನಿನ್ನ ಅಜ್ಜಿ ತೀರಿಕೊಂಡ ದಿನ ನನ್ನನ್ನು ಕಳಿಸಿದ ಹಾಗೆ, ಕಳಿಸಿದವನು ಅವನು.

ನಾನು ಸುಮ್ಮನೆ ಏನೋ ಒಂದನ್ನು ಹಿಡಿದುಕೊಂಡು ನೇತಾಡುತ್ತಿದ್ದೇನೋ ಏನೋ. ನಿನ್ನೆಯಿಂದ ಬೇರೆ ಯಾವುದೂ ತಲೆಗೆ ಹೋಗುತ್ತಿಲ್ಲ. ನಾಳೆ ಸಂಜೆ ಹಬ್ಬ, ಮೊಟ್ಟೆ ಬೇಯಲು ಇಟ್ಟಿದ್ದೇನೆ. ಫೋನು ಡ್ರಾಯರಿಗೆ ವಾಪಸ್ ಹೋಗಿಲ್ಲ. ಮಾಡಿದರೆ ತೆಗೆಯುತ್ತೇನೆ, ಕೈಯಲ್ಲಿ ಹಿಟ್ಟಿದ್ದರೂ ತೆಗೆಯುತ್ತೇನೆ.

ಮಾಡುವ ಮೊದಲು ಆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡು. ಎರಡು ಕಾಫಿಯಲ್ಲಿ ಅವನದರ ಪಕ್ಕ ಸಕ್ಕರೆ ಇಲ್ಲದ್ದು ಎಂದು ಬರೆದಿದೆಯಾ? ಮಾಸಿಹೋಗಿದ್ದರೆ ನೀನೇ ಕಣ್ಣು ಮುಚ್ಚಿ ನೆನಪು ಮಾಡಿಕೋ, ಅವಸರ ಮಾಡಬೇಡ: ಅವನು ಸಕ್ಕರೆಯ ಮಾತು ಎತ್ತಿದನಾ?

ಅಮ್ಮ